ತಬಿತಾಳ ಬಳಿ

ಕ್ರ್ಯಾನ್‌ಬರಿ, ನ್ಯೂಜೆರ್ಸಿ
ನವೆಂಬರ್ 9, 2024

ಪ್ರೀತಿಯ ಅಪ್ಪಿಯಕ್ಕನಿಗೆ,

ಈ ಸಲ ಕಾಗದ ತಡವಾಯಿತು. ನಿಮ್ಮ ತಮ್ಮ ಇದ್ದಿದ್ದರೆ ತಡವಾಗುತ್ತಿರಲಿಲ್ಲ. ಹೋಟೆಲಿನ ಗಲ್ಲಾದ ಮೇಲೆಯೇ ಪ್ಯಾಡ್ ಇಟ್ಟುಕೊಂಡು, ಗಿರಾಕಿಗಳ ನಡುವೆ, "ಅಕ್ಕನಿಗೆ ಫೋನಿನಲ್ಲಿ ಕೇಳಿಸುವುದಿಲ್ಲ ಮಾರಾಯ್ತಿ, ಬರೆಯಲೇಬೇಕು" ಎನ್ನುತ್ತಾ ಬರೆಯುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಕರ್ತವ್ಯವೆಂದು ಬರೆದೆ. ಈಗ ನಿಮಗೆ ಬರೆಯದಿದ್ದರೆ ತಿಂಗಳು ಮುಗಿದಂತೆಯೇ ಆಗುವುದಿಲ್ಲ.

ಮುಖ್ಯ ಸುದ್ದಿ ಹೇಳಿಬಿಡುತ್ತೇನೆ. ಪೃಥ್ವಿರಾಜನ ಹೆಂಡತಿ ಕೇಯ್ಲಾ ಬಸುರಿ. ಜೂನ್ ನಡುವೆ ಡೆಲಿವರಿ. ಹೋದ ವರ್ಷ ಟೌನ್ ಹಾಲಿನಲ್ಲಿ ಅವರಿಬ್ಬರು ಸಹಿ ಹಾಕಿದ ದಿನದ ಫೋಟೋ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಹುಡುಗಿ ಹೇಗಿದ್ದಾಳೆಂದು ನೀವು ಒಂದು ಮಾತು ಬರೆದರೆ ನನಗೆ ಸಮಾಧಾನ.

ಈಗ ಮನೆಯಲ್ಲಿ ನಾನೊಬ್ಬಳೇ ಅಲ್ಲ. ಕೇಯ್ಲಾಳ ಅಜ್ಜಿ ಮಾರ್ಗರೆಟ್ ಒಕ್ಲಹೋಮಾದಿಂದ ಬಂದಿದ್ದಾರೆ. ಹುಡುಗಿಗೆ ತಾಯಿಯಿಲ್ಲ. ಆರು ವರ್ಷದವಳಿದ್ದಾಗ ತೀರಿಕೊಂಡರಂತೆ. ತಾಯಿಯ ತಾಯಿಯಾದ ಈ ಮಾರ್ಗರೆಟ್ ಅವರೇ ಸಾಕಿದ್ದು. ಮಕ್ಕಳ ಅಪಾರ್ಟ್‌ಮೆಂಟ್ ಚಿಕ್ಕದು, ಅದಕ್ಕೆ ನನ್ನ ಜೊತೆ ಇದ್ದಾರೆ. ಎಂಬತ್ತು ದಾಟಿದರೂ ಬೆನ್ನು ಬಾಗಿಲ್ಲ.

ಮೊನ್ನೆ ಬೆಲ್‌ರೋಸಿನ ಅಂಗಡಿಯಲ್ಲಿ ಕೆಸುವಿನ ಎಲೆ ಸಿಕ್ಕಿತು ಎಂದು ಪತ್ರೊಡೆಗೆ ಅಕ್ಕಿ ರುಬ್ಬಿ ಎಲೆಗೆ ಸವರುತ್ತಾ ಕೂತಿದ್ದೆ. ಮಾರ್ಗರೆಟ್ ಬಂದು ಎದುರು ಕೂತರು. ನೋಡಿದರು, ನೋಡಿದರು. ಆಮೇಲೆ ಕೇಳದೆಯೇ ಒಂದು ಎಲೆ ಎತ್ತಿಕೊಂಡು ನನಗಿಂತ ಚೆನ್ನಾಗಿ ಸುತ್ತಿದರು!

"ನನ್ನಜ್ಜಿ ಮೆಕ್ಕೆಜೋಳದ ಹಿಟ್ಟಿಗೆ ಬೀನ್ಸ್ ಕಲಸಿ ಹೀಗೇ ಎಲೆಯಲ್ಲಿ ಸುತ್ತಿ ಬೇಯಿಸುತ್ತಿದ್ದಳು. ನಮ್ಮ ಮನೆಗೆ ಅದನ್ನು ತಂದವಳು ತಬಿತಾ. ಅವಳೂ ಹುಟ್ಟಿನಿಂದ ಬಲ್ಲವಳಲ್ಲ, ಬೇರೆಯವರ ಒಲೆಯ ಮುಂದೆ ಕೂತು ಕಲಿತವಳು" ಎಂದರು.

ತಬಿತಾ ಯಾರೆಂದು ಕೇಳಿದೆ. ಅವರ ಅಜ್ಜಿಯ ಅಜ್ಜಿಯಂತೆ. ಸಾವಿರದ ಎಂಟುನೂರ ಮೂವತ್ತರ ಆಸುಪಾಸಿನ ಮಾತು. ಜಾರ್ಜಿಯಾದ ಬೆಟ್ಟಗಳಲ್ಲಿ ನದಿಯ ಈಚೆ ದಡ ಬಿಳಿಯರದು, ಆಚೆ ದಡ ಅಲ್ಲಿಯ ಮೂಲನಿವಾಸಿಗಳಾದ ಚೆರೋಕೀ ಜನರದು. ತಬಿತಾ ಈಚೆ ದಡದ ರೈತನ ಮಗಳು. ಆಚೆಯ ಗಿರಣಿಗೆ ಜೋಳ ತೆಗೆದುಕೊಂಡು ಹೋಗಬೇಕಾದರೆ ದೋಣಿ. ದೋಣಿ ನಡೆಸುತ್ತಿದ್ದವನು ಒಬ್ಬ ಚೆರೋಕೀ ಯುವಕ, ಊರವರು ಅವನನ್ನು ಫೆರಿ ಜಾನ್ ಎನ್ನುತ್ತಿದ್ದರಂತೆ. ಒಂದೊಂದು ಸಲ ದಾಟುವಾಗ ಅವನ ಭಾಷೆಯ ಒಂದೊಂದು ಮಾತು ಕಲಿತಳಂತೆ: ನೀರು, ಹುಟ್ಟು, ಹಗ್ಗ, ದಡ. ಮಾತುಗಳು ಒಂದು ಸಂಸಾರಕ್ಕೆ ಸಾಕಾಗುವಷ್ಟಾದ ಮೇಲೆ ತಂದೆಗೆ ಹೇಳಿದಳು. ತಂದೆ, "ಆಚೆ ದಡಕ್ಕೆ ಹೋದವಳಿಗೆ ಈಚೆ ದಾರಿಯಿಲ್ಲ" ಎಂದ. ಅವಳು ಹೋದಳು.

ಅಕ್ಕ, ಕೇಳುತ್ತಾ ನನಗೆ ಶಾಂಭವಿ ಹೊಳೆಯ ಕಡವು ನೆನಪಾಯಿತು. ಆಗ ನಿಮ್ಮ ಕಡೆಗೆ ಸೇತುವೆ ಇರಲಿಲ್ಲ. ಮದುವೆಯ ದಿಬ್ಬಣ ದೋಣಿಯಲ್ಲಿ ದಾಟುವಾಗ ನಾನು ನಡುಗುತ್ತಿದ್ದೆ. ನೀವು ಪಕ್ಕದಲ್ಲಿ ಕೂತು ಕಿವಿಯಲ್ಲಿ, "ಹೆದರಬೇಡ, ದೋಣಿ ಮಗುಚಿದರೆ ಮೊದಲು ನಿನ್ನನ್ನು ಹಿಡಿಯುತ್ತೇನೆ, ತಮ್ಮನಿಗೆ ಈಜು ಬರುತ್ತದೆ" ಎಂದಿರಿ. ಅಂದಿನಿಂದ ಆ ಮನೆಯಲ್ಲಿ ನನಗೆ ಭಯವಾಗಲಿಲ್ಲ.

ಉಳಿದ ಕಥೆ ಇನ್ನೊಮ್ಮೆ.

ನಿಮ್ಮ
ಅಮಿತಾ

*

ಮುಲ್ಕಿ
ಡಿಸೆಂಬರ್ 2, 2024

ಅಮಿತಾ,

ಕಾಗದ ಸಿಕ್ಕಿತು. ಫೋಟೋವೂ ಸಿಕ್ಕಿತು.

ಡೆಲಿವರಿ ಎಂದು ಬರೆಯಬೇಡ. ಹೆರಿಗೆ ಎಂಬ ಒಳ್ಳೆಯ ಶಬ್ದವಿದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ನೀನು ಹೀಗೆ ಬರೆದರೆ ಹೇಗೆ?

ಕೇಯ್ಲಾ ಎಂದರೆ ಏನು? ಇಲ್ಲಿ ಕೇಳಿದವರೆಲ್ಲ ಹಿಂದಿಯ ಬಾಳೆಹಣ್ಣೋ ಎನ್ನುತ್ತಾರೆ. ನಾನು, ಬಾಳೆ ಮಂಗಲದ ಗಿಡವಲ್ಲವೋ ಎಂದು ಬಾಯಿ ಮುಚ್ಚಿಸಿದ್ದೇನೆ.

ಮೊನ್ನೆ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಒಬ್ಬರು ಕೇಳಿದರು: "ಅಪ್ಪಿ ಟೀಚರೇ, ನಿತ್ಯಾನಂದನ ಮೊಮ್ಮಗುವಿನ ಬಳಿ ಯಾವುದು?" ನಾನು ಪಾಯಸ ಬಡಿಸುವವನನ್ನು ಕರೆದೆ. ನಮ್ಮ ಬಳಿ ಬೇರೆಯವರ ಗೋತ್ರದಂತೆ ತಂದೆಯಿಂದಲ್ಲ, ತಾಯಿಯಿಂದ ಬರುವುದು. ನಿತ್ಯಾನಂದನ ಬಳಿ ನನ್ನದು. ಪೃಥ್ವಿಯದು ನಿನ್ನದು. ಇನ್ನು ಆ ಮಗುವಿನದು? ನಿನಗೆ ತಿಳಿದಿದ್ದರೆ ಬರೆ.

ದೋಣಿಯವನ ಕಥೆಯನ್ನು ನಡುಹೊಳೆಯಲ್ಲಿ ನಿಲ್ಲಿಸಿದ್ದೀಯ. ದಡ ಸೇರಿಸು.

ಅಪ್ಪಿ

*

ಕ್ರ್ಯಾನ್‌ಬರಿ
ಡಿಸೆಂಬರ್ 28, 2024

ಪ್ರೀತಿಯ ಅಪ್ಪಿಯಕ್ಕನಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಪೆನ್ನು ಹಿಡಿಯಲಿಲ್ಲ. "ಫೋಟೋವೂ ಸಿಕ್ಕಿತು" ಎಂದಷ್ಟೇ ಬರೆದಿರಿ. ಅಕ್ಷರಗಳು ದೊಡ್ಡದಾಗಿ, ಕಾಗದ ಹರಿಯುವಷ್ಟು ಒತ್ತಿ ಬರೆದಂತಿದ್ದವು. ಸಿಟ್ಟಿನಲ್ಲಿ ಬರೆದಿರಾ? ಬಳಿಯ ಪ್ರಶ್ನೆಯೂ ನನಗೆ ಚುಚ್ಚಿತು. ಆದರೂ ಆ ಪ್ರಶ್ನೆಯಿಂದಲೇ ಒಂದು ಸಂಗತಿ ಹೊರಬಿತ್ತು, ಅದನ್ನು ಬರೆಯದೆ ಇರಲಾರೆ.

ಕ್ರಿಸ್ಮಸ್ಸಿಗೆ ಮೊದಲು ಮಾರ್ಗರೆಟ್ ಅವರಿಗೆ ರಾಬಿನ್ಸ್‌ವಿಲ್ಲಿನ ಸ್ವಾಮಿನಾರಾಯಣ ದೇವಸ್ಥಾನ ತೋರಿಸಿದೆವು. ವಾಪಸು ಬರುವಾಗ ಗೋದಾಮುಗಳ ರಸ್ತೆಯಲ್ಲಿ ಟ್ರಕ್ಕುಗಳ ಹಿಂದೆ ಸಿಕ್ಕಿಹಾಕಿಕೊಂಡೆವು. ಪೃಥ್ವಿ ಡ್ರೈವ್ ಮಾಡುತ್ತಿದ್ದ, ಕೇಯ್ಲಾ ಅವನ ಪಕ್ಕ. ಹಿಂದೆ ನಾವಿಬ್ಬರು ಮುದುಕಿಯರು. ನಿಮ್ಮ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಸುಮ್ಮನೆ ಹೇಳಿಬಿಟ್ಟೆ, ನಮ್ಮ ಜನರಲ್ಲಿ ಹೀಗೊಂದು ಬಳಿ ಎಂಬುದಿದೆ, ಅದು ತಾಯಿಯಿಂದ ಬರುತ್ತದೆ, ಒಂದೇ ಬಳಿಯವರು ಅಣ್ಣತಂಗಿ ಇದ್ದ ಹಾಗೆ, ಮದುವೆಯಾಗುವುದಿಲ್ಲ ಎಂದು.

ಮಾರ್ಗರೆಟ್ ಸೀಟಿನಲ್ಲಿ ಪೂರ್ತಿ ನನ್ನ ಕಡೆ ತಿರುಗಿದರು.

"ತಾಯಿಯಿಂದಲೇ? ತಂದೆಯಿಂದ ಅಲ್ಲ?"

"ತಾಯಿಯಿಂದಲೇ."

"ನಮ್ಮಲ್ಲೂ ಹಾಗೇ! ಚೆರೋಕೀಗಳಿಗೆ ಏಳು ಬಳಿ. ನಾನು ಹಕ್ಕಿಯ ಬಳಿಯವಳು. ನನ್ನ ತಾಯಿ ಹಕ್ಕಿ. ನನ್ನ ಮಗಳು ಹಕ್ಕಿ. ಕೇಯ್ಲಾ ಹಕ್ಕಿ. ಅವಳ ಹೊಟ್ಟೆಯಲ್ಲಿರುವುದೂ ಹಕ್ಕಿಯೇ."

ಪೃಥ್ವಿ ಕನ್ನಡಿಯಲ್ಲಿ ನೋಡಿ, "ಅಮ್ಮಾ, ಸೀರಿಯಸ್ಲೀ? ಇಷ್ಟು ದಿನ ನನಗ್ಯಾರೂ ಹೇಳ್ಲೇ ಇಲ್ಲ!" ಎಂದ. ಕೇಯ್ಲಾ, "ಯೂ ನೆವರ್ ಆಸ್ಕ್ಡ್" ಎಂದಳು.

ನನಗೆ ಒಂದು ಸಂಶಯ ಬಂತು. ತಬಿತಾ ಬಿಳಿಯ ರೈತನ ಮಗಳಲ್ಲವೇ? ತಾಯಿಯಿಂದ ಬರುವುದಾದರೆ ಅವಳ ಮಕ್ಕಳಿಗೆ ಬಳಿ ಎಲ್ಲಿಂದ ಬಂತು? ಕೇಳಿದೆ. ಮಾರ್ಗರೆಟ್ ನಕ್ಕು, "ಅದೇ ಕಥೆ" ಎಂದರು. ಮನೆ ಮುಟ್ಟುವವರೆಗೆ ಹೇಳಿದರು.

ಸಾವಿರದ ಎಂಟುನೂರ ಮೂವತ್ತೆಂಟರಲ್ಲಿ ಸೈನಿಕರು ಬಂದರು. ಚೆರೋಕೀಗಳೆಲ್ಲ ನೆಲ ಬಿಟ್ಟು ಪಶ್ಚಿಮಕ್ಕೆ ನಡೆಯಬೇಕು ಎಂದು ಸರಕಾರದ ಆಜ್ಞೆ. ಫೆರಿ ಜಾನ್‌ನ ಮನೆಯ ಬಾಗಿಲಲ್ಲಿ ತಬಿತಾಳನ್ನು ಕಂಡ ಅಧಿಕಾರಿ, "ನೀನು ಬಿಳಿಯಳು, ಹೊಳೆ ದಾಟಿ ನಿನ್ನ ತಂದೆಯ ಮನೆಗೆ ಹೋಗು, ನಿನ್ನನ್ನು ಯಾರೂ ತಡೆಯುವುದಿಲ್ಲ" ಎಂದ.  ಒಲೆ ಆರಿಸಿ ಬರುತ್ತೇನೆ ಎಂದು ಒಳಗೆ ಹೋದಳಂತೆ. ಚಿಕ್ಕವನನ್ನು ಸೊಂಟಕ್ಕೇರಿಸಿ, ದೊಡ್ಡವಳ ಕೈ ಹಿಡಿದು ಬಂದು ಸಾಲಿನಲ್ಲಿ ನಿಂತಳಂತೆ.

ಚಳಿಗಾಲ ಪೂರ್ತಿ ನಡೆದರು. ದೊಡ್ಡ ನದಿಯಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ದಾಟಲಾಗದೆ ದಡದಲ್ಲೇ ಬಯಲಿನಲ್ಲಿ ಕಾದರು. ಜೀವಮಾನವಿಡೀ ಜನರನ್ನು ದಾಟಿಸಿದವನು ಅಲ್ಲಿ ಕೈಕಟ್ಟಿ ಕೂತಿದ್ದ ಎಂದರು ಮಾರ್ಗರೆಟ್.

ಹೊಸ ಜಾಗ ಸೇರಿದ ಮೇಲೆ, ಮೊದಲ ಫಸಲಿನ ಹಬ್ಬ. ಬೆಂಕಿಯ ಸುತ್ತ ಏಳು ಬಳಿಗೆ ಏಳು ಜಾಗ. ಜಾನ್ ತನ್ನ ತಾಯಿಯ ಬಳಿಯವರ ಜೊತೆ ಕೂತ. ತಬಿತಾಳೂ ಮಕ್ಕಳೂ ಹೊರಗೆ ನಿಂತರು. ಯಾರೂ ಬೈಯಲಿಲ್ಲ, ಯಾರೂ ಓಡಿಸಲಿಲ್ಲ. ಕೂರುವ ಜಾಗವಿಲ್ಲ, ಅಷ್ಟೇ. ಆಗ ಹಕ್ಕಿಯ ಬಳಿಯಿಂದ ಒಬ್ಬ ಮುದುಕಿ ಎದ್ದು ಬಂದಳು. ಮರುದಿನ ಬೆಳಿಗ್ಗೆ ತಬಿತಾಳನ್ನು ಹೊಳೆಗೆ ಕರೆದುಕೊಂಡು ಹೋಗಿ ನೀರಿನಲ್ಲಿ ಮುಳುಗಿಸಿ ಎಬ್ಬಿಸಿ, ಎಲ್ಲರ ಮುಂದೆ, "ಇವಳು ನನ್ನ ಮಗಳು" ಎಂದಳು. ಅಂದಿನಿಂದ ಅವಳು ಹಕ್ಕಿ, ಅವಳ ಮಕ್ಕಳು ಹಕ್ಕಿ.

ಇನ್ನು ಯಾರಾದರೂ ಕೇಳಿದರೆ ಹೇಳಿ ಅಕ್ಕ, ನಿತ್ಯಾನಂದರ ಮೊಮ್ಮಗು ಹಕ್ಕಿಯ ಬಳಿ.

ನಿಮ್ಮ
ಅಮಿತಾ

*

ಮುಲ್ಕಿ
ಜನವರಿ 22, 2025

ಅಮಿತಾ,

ನನಗೆ ಸಿಟ್ಟಿಲ್ಲ. ಸಿಟ್ಟಿದ್ದರೆ ನಿನಗೆ ತಿಳಿಯದೆ ಇರುತ್ತದೆಯೇ?

ಕೇಳಿದವರಿಗೆ ಹಕ್ಕಿಯ ಬಳಿ ಎಂದು ಹೇಳಿದೆ. ಬಾಯಿ ತೆರೆದುಕೊಂಡು ನೋಡಿದರು. ಒಬ್ಬರು, "ಅದು ನಮ್ಮ ಬಳಿಗಳಲ್ಲಿ ಇಲ್ಲವಲ್ಲ?" ಎಂದರು. "ಲೋಕ ಮುಲ್ಕಿಯಿಂದ ಸುರತ್ಕಲ್ ತನಕ ಮಾತ್ರವೇ?" ಎಂದೆ.

ಆದರೆ ಕಥೆಯ ಸೇತುವೆಯಲ್ಲಿ ಒಂದು ಹಲಗೆ ನೀನು ತೆಗೆದಿಟ್ಟಿದ್ದೀಯ. ಕಾಲಿಟ್ಟರೆ ಒಳಗೆ ಹೋಗುತ್ತದೆ. ಆ ಮುದುಕಿ ಯಾಕೆ ಎದ್ದು ಬಂದಳು? ಅಷ್ಟು ಜನ ಕೂತಿದ್ದರು, ಅವಳೊಬ್ಬಳೇ ಯಾಕೆ? ಬಳಿ ಎಂದರೆ ಹೊಲಿಸಿಕೊಟ್ಟ ರವಿಕೆಯಲ್ಲ, ಸುಮ್ಮನೆ ಯಾರೂ ಯಾರಿಗೂ ಕೊಡುವುದಿಲ್ಲ. ಪಕ್ಕದ ಮನೆಯ ವೀರಬಸಮ್ಮನೂ ಅದನ್ನೇ ಹೇಳಿದರು. ನನ್ನ ಜೊತೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಹುಬ್ಬಳ್ಳಿ ಕಡೆಯವರು, ನಿನಗೆ ನೆನಪಿರಬೇಕು. "ಟೀಚರ್, ಆ ಮುದುಕಿ ಸುಮ್‌ಸುಮ್ನ ಅಕೀನ ಮಗಳ ಅಂದಿಲ್ರೀ. ಅದರಾಗ ಏನೋ ಐತಿ. ನಿಮ್ಮ ತಮ್ಮನ ಹೇಣ್ತಿ ಮುಚ್ಚಿಟ್ಟಾಳ" ಎಂದರು.

ಆ ಮುದುಕಿಯ ಹೆಸರನ್ನೂ ಬರೆಯಲಿಲ್ಲ. ಹೊಳೆ ದಾಟಿದವಳ ಹೆಸರು ಉಳಿಯಿತು. ಕೈ ಹಿಡಿದವಳದು?

ಹುಡುಗಿಗೆ ಊಟ ಸೇರುತ್ತದೆಯೇ? ಅದನ್ನೂ ಬರೆ.

ಅಪ್ಪಿ

*

ಕ್ರ್ಯಾನ್‌ಬರಿ
ಫೆಬ್ರವರಿ 12, 2025

ಪ್ರೀತಿಯ ಅಪ್ಪಿಯಕ್ಕನಿಗೆ,

ಇಲ್ಲಿ ಹಿಮ ಬಿದ್ದು ಡ್ರೈವ್‌ವೇ ಮುಚ್ಚಿಹೋಗಿದೆ. ಪೃಥ್ವಿ ಬಂದು ಹಿಮ ಕರಗಲೆಂದು ಉಪ್ಪು ಹಾಕಿ ಹೋದ. ಮಾರ್ಗರೆಟ್ ಊರಿಗೆ ಮರಳಿದರು, ಮನೆ ಬಿಕೋ ಎನ್ನುತ್ತದೆ.

ಕೇಯ್ಲಾಳಿಗೆ ಮೊದಲೆರಡು ತಿಂಗಳು ಏನೂ ಸೇರುತ್ತಿರಲಿಲ್ಲ. ಗೋದಾಮಿನ ಆಫೀಸಿನಲ್ಲಿ ರಟ್ಟಿನ ಪೆಟ್ಟಿಗೆಗಳ ವಾಸನೆಗೇ ವಾಂತಿ. ಒಂದು ದಿನ ಕುಚ್ಚಲಕ್ಕಿ ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ ಇಟ್ಟುಕೊಟ್ಟೆ. ಬಟ್ಟಲು ಕೆಳಗಿಡಲಿಲ್ಲ. ಈಗ ಆಫೀಸಿನಿಂದ ನೇರ ಇಲ್ಲಿಗೆ ಬರುತ್ತಾಳೆ. "ಆಂಟಿ, ಗಂಜಿ?" ಎನ್ನುತ್ತಾಳೆ. ಅತ್ತೆ ಎನ್ನಲು ಅವಳಿಗೂ ಸಂಕೋಚ, ಅನ್ನಿಸಿಕೊಳ್ಳಲು ನನಗೂ ಸಂಕೋಚ.

ನಿಮ್ಮ ಪ್ರಶ್ನೆಗೆ ಏನು ಬರೆಯಲಿ? ಅಜ್ಜಿಯರ ಬಾಯಿಂದ ಬಂದ ಹಳೆಯ ಕಥೆ, ಎಲ್ಲದಕ್ಕೂ ಕಾರಣ ಸಿಗುವುದಿಲ್ಲ. ಮುದುಕಿಗೆ ಒಳ್ಳೆಯ ಮನಸ್ಸಿತ್ತು ಎಂದುಕೊಳ್ಳೋಣ. ಅವಳ ಹೆಸರು ಯಾರಿಗೂ ನೆನಪಿಲ್ಲ. ತಮ್ಮ ಮನೆತನಕ್ಕೆ ಅದೊಂದು ನಾಚಿಕೆ ಎಂದು ಮಾರ್ಗರೆಟ್ ಅವರೇ ಹೇಳಿದರು.

ಹಿಮ ನೋಡುತ್ತಾ ಕೂತರೆ ಮುಲ್ಕಿಯ ಏಪ್ರಿಲ್ ತಿಂಗಳ ಸೆಕೆ ನೆನಪಾಗುತ್ತದೆ. ರಜೆಗೆ ಬಂದಾಗ ಪೃಥ್ವಿ ಮತ್ತು ಮಕ್ಕಳೆಲ್ಲ ಸೇರಿ ಕಡವಿನ ದೋಣಿಯ ಹಗ್ಗ ಬಿಚ್ಚಿ ಬಿಟ್ಟದ್ದು, ಅದು ತೇಲುತ್ತಾ ಹೋದದ್ದು, ದೋಣಿಯವನು ದೊಣ್ಣೆ ಹಿಡಿದು ನಿಮ್ಮ ಅಂಗಳಕ್ಕೆ ಬಂದದ್ದು, ನೀವು ಅವನಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ, "ಯಾರು ಬಿಚ್ಚಿದ್ದೆಂದು ನಾನು ವಿಚಾರಿಸುತ್ತೇನೆ" ಎಂದದ್ದು. ಮಕ್ಕಳು ಅಟ್ಟದ ಮೇಲೆ ಅಡಗಿದ್ದರು, ನಿಮಗೆ ಗೊತ್ತಿತ್ತು. ಅಷ್ಟು ನಕ್ಕದ್ದು ನಾನು ಆಮೇಲೆ ಇಲ್ಲ.

ನಿಮ್ಮ
ಅಮಿತಾ

*

ಕ್ರ್ಯಾನ್‌ಬರಿ
ಮಾರ್ಚ್ 23, 2025

ಅಕ್ಕ,

ನಿಮ್ಮಿಂದ ಕಾಗದವಿಲ್ಲ. ದಿನಾ ಅಂಚೆಪೆಟ್ಟಿಗೆ ತೆರೆದು ನೋಡುತ್ತೇನೆ. ಮುಲ್ಕಿಗೆ ಯಾರಿಗಾದರೂ ಫೋನ್ ಮಾಡಿ ವಿಚಾರಿಸಬಹುದು. ಆದರೆ "ಸುಖವಾಗಿದ್ದಾರೆ, ಬರೆಯಲು ಮನಸ್ಸಿಲ್ಲವಂತೆ" ಎಂಬ ಉತ್ತರ ಬಂದರೆ ತಡೆದುಕೊಳ್ಳಲಾರೆ ಎಂದು ಮಾಡಲಿಲ್ಲ.

ನೀವು ಹೇಳಿದ್ದು ಸರಿ. ಒಂದು ಹಲಗೆ ತೆಗೆದಿಟ್ಟಿದ್ದೆ. ಈಗ ಇಡುತ್ತೇನೆ.

ಆ ಮುದುಕಿಯ ಒಬ್ಬಳೇ ಮಗಳು ದಾರಿಯಲ್ಲಿ ಜ್ವರ ಬಂದು ಸತ್ತುಹೋಗಿದ್ದಳು. ಮಂಜುಗಡ್ಡೆಯ ಆ ನದಿಯ ದಡದಲ್ಲಿ. ಹೂಳುವುದಕ್ಕೆ ನೆಲ ಅಗೆಯಲು ಸಹಾಯ ಮಾಡಿದವರು ಜಾನ್ ಮತ್ತು ತಬಿತಾ. ಹಬ್ಬದ ದಿನ ಹೊರಗೆ ನಿಂತವಳನ್ನು ಮುದುಕಿ ಗುರುತಿಸಿದಳು. ಆಮೇಲೆ ತಬಿತಾಳನ್ನು ಆ ಸತ್ತ ಮಗಳ ಹೆಸರಿನಿಂದಲೇ ಕೊನೆಯವರೆಗೂ ಕರೆದಳಂತೆ.

ಇದನ್ನು ನಿಮಗೆ ಹೇಗೆ ಬರೆಯಲಿ? ನಿಮ್ಮ ಮಗಳು ಹದಿನಾಲ್ಕಕ್ಕೇ ಜ್ವರದಲ್ಲಿ ಹೋದಾಗ ನಾನು ಇಲ್ಲಿಂದ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತೊಟ್ಟಿಲಲ್ಲಿದ್ದಾಗಿನಿಂದ ಅವಳು ಪೃಥ್ವಿಗೆ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ತಮಾಷೆಯೋ ನಿಜವೋ, ಸೋದರತ್ತೆಯ ಮಗಳು, ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ. ಈಗ ಆ ಜಾಗದಲ್ಲಿ ಇನ್ನೊಂದು ಹುಡುಗಿ ನಿಂತ ಫೋಟೋ ಕಳಿಸಿದೆ. ನಿಮಗೆ ನೋಡಲು ಮನಸ್ಸಾಗದಿದ್ದರೆ ತಪ್ಪು ನನ್ನದೇ.

ಬರೆಯಿರಿ ಅಕ್ಕ. ಬೈದಾದರೂ ಬರೆಯಿರಿ.

ಅಮಿತಾ

*

ಮುಲ್ಕಿ
ಏಪ್ರಿಲ್ 11, 2025

ಅಮಿತಾ,

ಈ ಕಾಗದದ ಅಕ್ಷರ ನೋಡು. ಸಾಲು ನೆಟ್ಟಗಿದೆಯೇ? ಕಳೆದ ತಿಂಗಳು ನನ್ನ ಎರಡು ಕಣ್ಣಿನ ಪೊರೆಯೂ ತೆಗೆದಾಯಿತು. ನಿನಗೆ ಹೇಳಲಿಲ್ಲ, ಹೇಳಿದ್ದರೆ ನೀನು ವಿಮಾನ ಹತ್ತುತ್ತಿದ್ದೆ. ದೊಡ್ಡ ಅಕ್ಷರ, ಒತ್ತಿದ ಅಕ್ಷರ ಎಂದೆಲ್ಲ ಅರ್ಥ ಹುಡುಕಿದೆಯಲ್ಲ, ಅದು ಸಿಟ್ಟಲ್ಲ ಮಾರಾಯ್ತಿ, ಕುರುಡು. ನಿನ್ನ ಕಾಗದಗಳನ್ನು ಇಷ್ಟು ದಿನ ಓದಿ ಹೇಳಿದ್ದು ವೀರಬಸಮ್ಮ. ಕಿವುಡಿಗೆ ಓದಿ ಹೇಳಬೇಕಾದರೆ ಬೀದಿಯ ಆ ಕೊನೆಗೂ ಕೇಳಿಸಬೇಕು. ತಬಿತಾ ಈಗ ಇಡೀ ಬೀದಿಗೆ ಗೊತ್ತು. ಮೀನು ಮಾರುವವಳು ಬುಟ್ಟಿ ಇಳಿಸಿ, "ಆ ಬಿಳಿ ಹೆಂಗಸು ದಡ ಸೇರಿದಳೇ?" ಎಂದು ಕೇಳುತ್ತಾಳೆ.

ನಿನ್ನ ಮಾರ್ಚ್ ತಿಂಗಳ ಕಾಗದವನ್ನು ಮಾತ್ರ ನಾನೇ ಓದಿದೆ. ಯಾರಿಗೂ ಕೊಡಲಿಲ್ಲ.

ಫೋಟೋವನ್ನೂ ಈಗ ನೋಡಿದೆ. ಹುಡುಗಿ ಕ್ಯಾಮೆರಾ ನೋಡುತ್ತಿಲ್ಲ, ಪೃಥ್ವಿಯ ಕೋಟಿನ ಮೇಲಿದ್ದ ಏನನ್ನೋ ಕೈಯಿಂದ ಕೊಡವುತ್ತಿದ್ದಾಳೆ. ಒಳ್ಳೆಯ ಹುಡುಗಿ.

ಇನ್ನು ನಿನಗೆ ಬೈಯುತ್ತೇನೆ. "ಪೃಥ್ವಿ ಮತ್ತು ಮಕ್ಕಳೆಲ್ಲ" ದೋಣಿ ಬಿಚ್ಚಿದರು ಎಂದು ಬರೆದಿದ್ದೀಯ. ಎಲ್ಲ ಎಂದರೆ ಯಾರು? ಇದ್ದದ್ದು ಇಬ್ಬರು. ಹಗ್ಗ ಬಿಚ್ಚಿದ್ದು ಪೃಥ್ವಿಯಲ್ಲ, ಅವನಿಗೆ ಅಷ್ಟು ಧೈರ್ಯ ಎಲ್ಲಿತ್ತು? ಬಿಚ್ಚಿದವಳು ಅನುಷ್ಕಾ. ಆಮೇಲಿನ ಕಾಗದದಲ್ಲೂ "ನಿಮ್ಮ ಮಗಳು" ಎಂದೆ. ಅವಳಿಗೆ ಹೆಸರಿದೆ ಅಮಿತಾ. ಅವಳು ಹೋದ ಮೇಲೆ ನನ್ನೆದುರು ಆ ಹೆಸರು ಒಬ್ಬರೂ ಎತ್ತಿಲ್ಲ. ನಿತ್ಯಾನಂದ ಅಷ್ಟು ವರ್ಷ ಬರೆದ, ಒಂದು ಸಲವೂ ಬರೆಯಲಿಲ್ಲ. ನನಗೆ ನೋವಾಗುತ್ತದೆಂದು ನೀವೆಲ್ಲ ಸೇರಿ ಅವಳನ್ನು ಎರಡನೇ ಸಲ ಇಲ್ಲವಾಗಿಸಿದಿರಿ. ನೋವು ಆಗಲಿ ಬಿಡು. ಹೆಸರು ಕೇಳಿದರೆ ಆಗುವ ನೋವು ಬೇರೆ, ಕೇಳದೆ ಆಗುವ ನೋವು ಬೇರೆ. ನನ್ನ ಕಿವಿ ಮಂದವಾದದ್ದೇ ಆ ಹೆಸರು ಕೇಳಿಸದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಇನ್ನು ಮುಂದೆ ಬರೆಯುವಾಗ ಅನುಷ್ಕಾ ಎಂದು ಬರೆ. ಒತ್ತು, ದೀರ್ಘ ಸರಿಯಾಗಿರಲಿ.

ಪೃಥ್ವಿ ಅವಳ ಜಾಗದಲ್ಲಿ ಬೇರೆಯವಳನ್ನು ತಂದ ಎಂದು ನಾನು ಯೋಚಿಸಿದ್ದೇನೆಂದುಕೊಂಡೆಯಾ? ಅನುಷ್ಕಾಳ ಜಾಗ ಖಾಲಿಯಾಗಿಲ್ಲ, ಯಾರೂ ಬಂದು ಕೂರಲಾರರು. ಆ ಚೆರೋಕೀ ಮುದುಕಿ ತಬಿತಾಳನ್ನು ಸತ್ತ ಮಗಳ ಹೆಸರಿನಿಂದ ಕರೆದಳು ಎಂದೆ. ಪಾಪ, ಅವಳ ಸಂಕಟ ಅವಳಿಗೆ. ಆದರೆ ನಾನು ಹಾಗೆ ಮಾಡುವವಳಲ್ಲ. ಅನುಷ್ಕಾ ಅನುಷ್ಕಾಳೇ. ಕೇಯ್ಲಾ ಕೇಯ್ಲಾಳೇ.

ಈಗ ನಾನು ಯೋಚಿಸಿದ್ದನ್ನು ಕೇಳು. ಅಷ್ಟು ದಿನ ಬಳಿ ಬಳಿ ಎಂದು ತಲೆ ಕೆಡಿಸಿಕೊಂಡೆವು. ಆ ಹುಡುಗಿಗೆ ಬಳಿ ಇದೆ, ನಮ್ಮಿಂದ ಕೊಡಬೇಕಾದ್ದಿಲ್ಲ. ಇಲ್ಲದ್ದು ತಾಯಿ. ನನಗೂ ಬಳಿ ಇದೆ, ಮಗಳಿಲ್ಲ. ಮೊದಲ ಹೆರಿಗೆ, ಬಾಣಂತನ ತಾಯಿಮನೆಗೆ ಸೇರಿದ್ದು, ಗಂಡನ ತಾಯಿಗಲ್ಲ. ನೀನು ಎಷ್ಟೇ ಗಂಜಿ ಕೊಟ್ಟರೂ ನೀನು ಅತ್ತೆ. ಮಾರ್ಗರೆಟ್ ಅಜ್ಜಿಗೆ ವಯಸ್ಸಾಯಿತು, ಎಣ್ಣೆ ತಿಕ್ಕಿ ಬಾಣಂತಿಗೆ ನೀರು ಹಾಕುವ ಶಕ್ತಿ ಇರಲಾರದು. ನನಗೆ ಇದೆ.

ನಿತ್ಯಾನಂದ ಹಾಸಿಗೆ ಹಿಡಿದಾಗ ಮಾಡಿಸಿದ ವೀಸಾ ಇನ್ನೂ ನಡೆಯುತ್ತದಂತೆ. ಆಗ ನಾನು ಹೊರಡುವಷ್ಟರಲ್ಲಿ ಅವನೇ ಹೊರಟುಹೋದ. ಜರ್ಸಿ ಸಿಟಿಯಲ್ಲಿರುವ ನಮ್ಮ ಇಗರ್ಜಿ ಬೀದಿಯ ರೋಷನ್ ಈಗ ರಜೆಯಲ್ಲಿ ಬಂದಿದ್ದಾನೆ, ಮೇ ಕೊನೆಗೆ ಮರಳುತ್ತಾನೆ. "ಟೀಚರ್, ನಿಮ್ಮನ್ನು ನಾನು ಕರ್ಕೊಂಡು ಹೋಗ್ತೇನೆ, ನನಗೆ ಹೊಡೆದು ಕಾಗುಣಿತ ಕಲಿಸಿದ್ದು ಮರೆತಿಲ್ಲ" ಎಂದ.

ಆದರೆ ಮೊದಲು ಮಾರ್ಗರೆಟ್ ಅವರನ್ನು ಕೇಳು. ಸಾಕಿದವರು ಅವರು. ಅವರು ಒಪ್ಪದೆ ನಾನು ಹೊಸ್ತಿಲು ದಾಟುವುದಿಲ್ಲ. ಹುಡುಗಿಯನ್ನೂ ಕೇಳು, ನೇರವಾಗಿ ಕೇಳು. ಬೇಡ ಎಂದರೆ ಬೇಡ ಎಂದೇ ಬರೆ, ಹಲಗೆ ತೆಗೆದಿಡಬೇಡ. ಅವಳು ಬೇಡ ಎಂದರೂ ಬಾಣಂತಿಯ ಲೇಹ್ಯವನ್ನು ರೋಷನ್ ಕೈಯಲ್ಲಿ ಕಳಿಸುತ್ತೇನೆ.

ಹೂಂ ಎಂದರೆ, ಇಂದಿನಿಂದ ನಾನು ನಿನ್ನ ನಾದಿನಿ ಮಾತ್ರವಲ್ಲ, ಬೀಗಿತ್ತಿ. ಹುಡುಗಿಯ ಕಡೆಯವಳು. ಮರ್ಯಾದೆ ಇರಲಿ.

ಅಪ್ಪಿ

*

ಕ್ರ್ಯಾನ್‌ಬರಿ
ಮೇ 3, 2025

ಬೀಗಿತ್ತಿಯವರಾದ ಅಪ್ಪಿಯಕ್ಕನಿಗೆ,

ನಿಮ್ಮ ಕಾಗದ ನಿನ್ನೆ ಬಂತು. ರೋಷನ್‌ನ ತಾಯಿಗೆ ಫೋನ್ ಮಾಡಿ ಉತ್ತರವನ್ನು ಆಗಲೇ ತಿಳಿಸಿದ್ದೇನೆ, ಈ ಕಾಗದ ಬರುವಷ್ಟರಲ್ಲಿ ನಿಮ್ಮದು ಅರ್ಧ ಪೆಟ್ಟಿಗೆ ಕಟ್ಟಿಯಾಗಿರುತ್ತದೆ. ಆದರೂ ನಡೆದದ್ದನ್ನು ಬರೆಯುತ್ತೇನೆ. ಇಂಥದ್ದು ಕಾಗದದಲ್ಲೇ ಬರಬೇಕು.

ಮೊದಲು ಮಾರ್ಗರೆಟ್ ಅವರಿಗೆ ಫೋನ್ ಮಾಡಿದೆ. ಅನುಷ್ಕಾಳ ವಿಷಯ ಹೇಳಿದೆ. ಅನುಷ್ಕಾ ಎಂದು ಹೆಸರು ಹಿಡಿದೇ ಹೇಳಿದೆ. ನೀವು ಬರಲು ಅವರ ಒಪ್ಪಿಗೆ ಕೇಳಿದ್ದನ್ನೂ ಹೇಳಿದೆ.

"ಆಕೆ ಬರಲಿ" ಎಂದರು. "ನನ್ನ ಮಗಳಿಗೂ ಒಂದು ಹೆಸರಿದೆ ಎಂದು ಆಕೆಗೆ ಬರೆ. ಲೊರೇನ್. ಕೇಯ್ಲಾ ಅಳುತ್ತಾಳೆಂದು ನಾನೂ ಆ ಹೆಸರನ್ನು ಬಾಯಿಗೆ ತರುವುದು ಬಿಟ್ಟಿದ್ದೆ. ನಾನೂ ಜೂನ್‌ಗೆ ಬರುತ್ತೇನೆ. ನಾವಿಬ್ಬರೂ ಕೂತು ಇಬ್ಬರ ವಿಷಯವನ್ನೂ ಮಾತಾಡೋಣ ಎಂದು ಹೇಳು."

ಹೇಗೆ ಮಾತಾಡುತ್ತೀರೋ, ಅವರಿಗೆ ತುಳು ಬಾರದು, ನಿಮಗೆ ಕಿವಿ ಕೇಳದು. ನೋಡೋಣ.

ಸಂಜೆ ಮಕ್ಕಳು ಗಂಜಿಗೆ ಬಂದರು. ಕಾಗದವನ್ನು ಪೃಥ್ವಿಯ ಕೈಗೆ ಕೊಟ್ಟೆ. ಅವನ ಕನ್ನಡ ನಿಮಗೆ ಗೊತ್ತಲ್ಲ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾ, ಇಂಗ್ಲಿಷಿನಲ್ಲಿ ಅವಳಿಗೆ ಹೇಳುತ್ತಾ ಹೋದ. ದೋಣಿಯ ಹಗ್ಗ ಬಿಚ್ಚಿದವಳು ಅನುಷ್ಕಾ ಎಂಬಲ್ಲಿಗೆ ಬಂದಾಗ ನಿಂತುಬಿಟ್ಟ. "ಹೌದಮ್ಮ. ಅವಳೇ. ನಾನು ಬೇಡ ಅಂದಿದ್ದೆ. ಅವಳು ಹೇಡಿ ಅಂದ್ಳು" ಎಂದ. ಆಮೇಲೆ ಮುಖ ತೊಳೆದು ಬರುತ್ತೇನೆಂದು ಎದ್ದುಹೋದ. ಉಳಿದದ್ದನ್ನು ನಾನೇ ಹೇಳಿದೆ.

ಕೇಯ್ಲಾ ಬಟ್ಟಲು ಪಕ್ಕಕ್ಕಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ನಾನು ನೇರವಾಗಿಯೇ ಕೇಳಿದೆ, ನೀವು ಹೇಳಿದ ಹಾಗೆ. ಬರಲಿಯೇ, ಬೇಡವೇ? ಅವಳು ಪೃಥ್ವಿ ಬರುವುದನ್ನು ಕಾದಳು. ಪೃಥ್ವಿ ಒಳಗೆ ಬಂದ ಕೂಡಲೇ ಅವನನ್ನು ಕೇಳಿದಳು:

"ವಾಟ್ ಡು ಐ ಕಾಲ್ ಹರ್?"

"ನಾನು ಮಾಮಿ ಅಂತೀನಿ. ತಂದೆಯ ಅಕ್ಕ."

"ನೀನಲ್ಲ. ಅನುಷ್ಕಾ ಏನೆಂದು ಕರೆಯುತ್ತಿದ್ದಳು?"

ಪೃಥ್ವಿ ನನ್ನ ಮುಖ ನೋಡಿದ.  ನಾನೇ ಹೇಳಿದೆ, ನಮ್ಮ ತುಳುವಿನಲ್ಲಿ ತಾಯಿಗೆ ಅಪ್ಪೆ ಎನ್ನುತ್ತೇವೆ ಎಂದು. ಅವಳು ಆಗಿನಿಂದ ಹೇಳಿ ನೋಡುತ್ತಲೇ ಇದ್ದಾಳೆ. ಇಂದು ಬೆಳಿಗ್ಗೆ ಆಫೀಸಿನಿಂದ ಫೋನ್ ಮಾಡಿ ಒಮ್ಮೆ ಹೇಳಿ ತೋರಿಸಿದಳು. ಎಷ್ಟು ತಿದ್ದಿದರೂ ಅವಳ ನಾಲಿಗೆಯಲ್ಲಿ ಕೊನೆಯ ಅಕ್ಷರ ನಿಲ್ಲುವುದಿಲ್ಲ ಅಕ್ಕ, ಪ್ರತಿ ಸಲವೂ ಅಪ್ಪಿ ಎಂದೇ ಬರುತ್ತದೆ.

ನೂವರ್ಕ್ ವಿಮಾನ ನಿಲ್ದಾಣಕ್ಕೆ ಅವಳೇ ಬರುತ್ತಾಳಂತೆ, ತುಂಬಿದ ಹೊಟ್ಟೆಯಲ್ಲಿ ಬೇಡ ಎಂದರೂ ಕೇಳುತ್ತಿಲ್ಲ. ನಿಮಗೆ ಕಿವಿ ಮಂದ, ಜೋರಾಗಿ ಕೂಗಬೇಕು ಎಂದು ಹೇಳಿದ್ದೇನೆ. ಅಷ್ಟು ಜನರ ನಡುವೆ ಒಬ್ಬಳು ಬಸುರಿ ನಿಮ್ಮನ್ನು ಹೆಸರು ಹಿಡಿದು ಕೂಗಿದರೆ, ಟೀಚರಲ್ಲವೇ ಎಂದು ತಿದ್ದಲು ಹೋಗಬೇಡಿ. ತಾಯಿಯನ್ನೇ ಕರೆಯುತ್ತಿರುತ್ತಾಳೆ.

ನಿಮ್ಮ
ಅಮಿತಾ